ಹಳದಿ ಮೀನಿಗೆ ನಲವತ್ತೆರಡು ದಿನ

ಮಾರ್ಚ್ 3, ಬೆಳಿಗ್ಗೆ 7

ಮೀನಿನ ಟ್ಯಾಂಕಿನ ನೀರಿಗೆ ಉಪ್ಪು ಸರಿ. ಬಿಸಿ ಸರಿ. ಗಾಜು ಒರೆಸಿದೆ. ಎಡಗಡೆ ಮೂಲೆ ಬಿಟ್ಟೆ ಅಂತ ಅಣ್ಣ ಮಂಚದಿಂದಲೇ ಬೆರಳು ತೋರಿಸಿದ. ಬಿಟ್ಟಿದ್ದೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವಳ ತಪ್ಪು ಹಿಡಿಯುವವನು ಇವನೊಬ್ಬನೇ. ಹಿಡಿಯಲಿ. ಅವನು ಹಾಸಿಗೆ ಹಿಡಿದಾಗ, ಅತ್ತಿಗೆಗೆ ಒಬ್ಬರಿಗೇ ಆಗುವುದಿಲ್ಲ ಅಂತ ಬಂದವಳು ನಾನು. ಐದು ತಿಂಗಳಾಯಿತು. ಅರ್ಧ ದಿನ ಅವನ ಸೇವೆ, ಅರ್ಧ ದಿನ ಅವನ ಮೀನಿನ ಸೇವೆ.

ಸಂಜೆ

ಮೀನಿನಂಗಡಿಯವರು ಎರಡು ಹಳದಿ ಮೀನು ತಂದುಕೊಟ್ಟರು. ಅಂಗೈ ಅಗಲ. ಹನ್ನೊಂದು ವರ್ಷದಿಂದ ಅಣ್ಣ ಬೇಕು ಬೇಕು ಅನ್ನುತ್ತಿದ್ದದ್ದು. ಅವನ ಸಮುದ್ರದ ನೀರಿನ ಟ್ಯಾಂಕಿನಲ್ಲಿ, ಹವಳ ಬೆಳೆದ ಕಲ್ಲುಗಳ ನಡುವೆ, ಈಗ ಇರುವುದು ಮೂರೇ ಮೀನು — ನೀಲಿ ಯಜಮಾನ, ಮತ್ತೆ ಕಿತ್ತಳೆ ಬಣ್ಣದ ಗಂಡ-ಹೆಂಡತಿ.

ಹೊಸಬರು ನೇರವಾಗಿ ಅಲ್ಲಿಗೆ ಹೋಗುವಂತಿಲ್ಲ. ಬಚ್ಚಲುಮನೆಯಲ್ಲಿ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್. ನಲವತ್ತೆರಡು ದಿನ. ರೋಗವಿದ್ದರೆ ಅಲ್ಲೇ ಕಾಣಿಸಿಕೊಳ್ಳಲಿ, ಹಳಬರಿಗೆ ಅಂಟುವುದು ಬೇಡ. ಅಣ್ಣನ ಕಾನೂನು. ಹೊಸ ನೀರು ಮೈಗೆ ಒಗ್ಗಲಿ ಅಂತ ಸಣ್ಣ ಪೈಪಿನಲ್ಲಿ ಹನಿಹನಿ ಬಿಡುತ್ತಾ ಎರಡು ಗಂಟೆ ಕುಕ್ಕರುಗಾಲಲ್ಲಿ ಕೂತೆ. ಮಂಡಿ ಹೋಯಿತು.

ಮಾರ್ಚ್ 9

ಡಾಕ್ಟರ್ ಬಂದಿದ್ದರು. ಹೊರಗೆ ಮೆಟ್ಟಿಲ ಹತ್ತಿರ ಹೇಳಿದರು — ಈ ತಿಂಗಳು ದಾಟಿದರೆ ಅದೇ ದೊಡ್ಡದು. ಅತ್ತಿಗೆ ತಲೆ ಆಡಿಸಿದರು, ಅಷ್ಟೇ. ಒಳಗೆ ಹೋದರೆ ಅಣ್ಣ ನಗುತ್ತಿದ್ದ. "ಆ ಡಾಕ್ಟರ್ ಗಂಟಲು ದೊಡ್ಡದು ಕಣೇ ಸಣ್ಣಿ."

ಕೇಳಿಸಿಕೊಂಡಿದ್ದಾನೆ. ಎಲ್ಲವನ್ನೂ.

ಲೆಕ್ಕ ಹಾಕಿದೆ. ನಲವತ್ತೆರಡನೆಯ ದಿನ ಏಪ್ರಿಲ್ ಹದಿಮೂರು. ಲೆಕ್ಕ ಹಾಕಬಾರದಿತ್ತು.

ಮಾರ್ಚ್ 11

ಕೇಳಿಯೇ ಬಿಟ್ಟೆ. "ಅಣ್ಣ, ಮೀನು ಚೆನ್ನಾಗೇ ಇವೆ. ಈಗ್ಲೇ ಬಿಟ್ಬಿಡೋಣ್ವಾ?"

"ಎಷ್ಟನೇ ದಿನ?"

"ಒಂಬತ್ತು."

"ಒಂಬತ್ತಕ್ಕೂ ನಲವತ್ತೆರಡಕ್ಕೂ ವ್ಯತ್ಯಾಸ ಗೊತ್ತಿಲ್ವಾ ನಿಂಗೆ? ನನ್ನ ಮೊದಲನೇ ಟ್ಯಾಂಕು ಏನಾಯ್ತು? ಒಂದೇ ಒಂದು ಮೀನನ್ನ ಹಾಗೇ ಬಿಟ್ಟೆ. ವಾರದಲ್ಲಿ ಎಲ್ಲಾ ತೇಲ್ತಿದ್ವು. ನಾನು ನೋಡಿದ್ರೆ ನೋಡ್ತೀನಿ, ಇಲ್ಲಾಂದ್ರೆ ಇಲ್ಲ. ಅವಕ್ಕೆ ಯಾಕೆ ಶಿಕ್ಷೆ?"

ಹಠಮಾರಿ. ಸಾಯುವುದಕ್ಕೂ ಇವನಿಗೆ ರೂಲ್ಸು ಬೇಕು.

ಮಾತ್ರೆ ತೆಗೆದುಕೊಂಡು ಮಧ್ಯಾಹ್ನದವರೆಗೂ ಮಲಗಿದ. ಎದುರು ಗೋಡೆಯ ಕ್ಯಾಲೆಂಡರಿನ ನಿನ್ನೆಯ ಹಾಳೆ ಹರಿಯಲು ಹೋದೆ. ಎರಡು ಹರಿದೆ.

ಮಾರ್ಚ್ 19

ದಿನಕ್ಕೊಂದು ಹಾಳೆ ಹೆಚ್ಚು ಹರಿಯುತ್ತಿದ್ದೇನೆ. ಇಲ್ಲಿ ಹತ್ತೊಂಬತ್ತು, ಆ ಕೋಣೆಯಲ್ಲಿ ಇಪ್ಪತ್ತೆಂಟು. ಬಹಳ ನಿದ್ದೆ ಮಾಡುತ್ತಾನೆ, ಎದ್ದಾಗ ಬೆಳಗೋ ಸಂಜೆಯೋ ಅಂತ ನನ್ನನ್ನೇ ಕೇಳುತ್ತಾನೆ. ಪೇಪರ್ ಒಳಗೆ ಒಯ್ಯುವುದಿಲ್ಲ. ದಿನಾ ಬಂದು ಹೋಗುವ ನರ್ಸಿಗೆ ತಾರೀಕು ಬಾಯಿಬಿಡಬೇಡಿ ಅಂತ ಹೇಳಿಟ್ಟಿದ್ದೇನೆ. ಅತ್ತಿಗೆಗೆ ಹೇಳಲಿಲ್ಲ. ಇವತ್ತು ಅವರೇ ಕ್ಯಾಲೆಂಡರ್ ಮುಂದೆ ನಿಂತು ನೋಡಿದರು, ನನ್ನನ್ನು ನೋಡಿದರು, ಕಾಫಿ ಲೋಟ ತೆಗೆದುಕೊಂಡು ಹೋದರು. ಬೈದಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ.

ಮೀನಿಗೆ ಏನೂ ಆಗಿಲ್ಲ. ಚೆನ್ನಾಗಿ ತಿನ್ನುತ್ತಿವೆ.

ಮಾರ್ಚ್ 21

ಅವನ ಕೋಣೆಯಲ್ಲಿ ಏಪ್ರಿಲ್ ಒಂದು. ಎದ್ದವನೇ ಗೋಡೆ ನೋಡಿದ. ಎರಡು ದಿಂಬು ಕೇಳಿ ಒರಗಿ ಕೂತ. "ದಾಟ್ತಲ್ಲ ತಿಂಗಳು! ಆ ಗಂಟಲು ದೊಡ್ಡೋರಿಗೆ ಫೋನ್ ಮಾಡಿ ಹೇಳು." ಅರ್ಧ ಇಡ್ಲಿಗೇ ಸಾಕು ಅನ್ನುವವನು ಒಂದೂವರೆ ತಿಂದ.

ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದನ್ನು ಯೋಚಿಸಿರಲೇ ಇಲ್ಲ.

ಮಾರ್ಚ್ 27

ಅಲ್ಲಿ ಏಪ್ರಿಲ್ ಹದಿಮೂರು. ಇಲ್ಲಿ ಇಪ್ಪತ್ತೈದನೆಯ ದಿನ. ಬಿಟ್ಟೆ.

ಒಂದೊಂದನ್ನೂ ಅವನೇ ಹೇಳಿಕೊಟ್ಟ. ಮೊದಲು ಲೈಟ್ ಆರಿಸು. ಕಲ್ಲುಗಳ ಜಾಗ ಬದಲಾಯಿಸು. "ಹಳಬರಿಗೂ ಮನೆ ಹೊಸದಾದ್ರೆ ಜಗಳ ಕಮ್ಮಿ. ಯಾವುದು ನನ್ನ ಮೂಲೆ ಅಂತ ಹುಡುಕೋದ್ರಲ್ಲೇ ಹೊತ್ತು ಹೋಗುತ್ತೆ ಅವಕ್ಕೆ." ಮೊಣಕೈ ಮುಳುಗುವಷ್ಟು ಕೈ ನೀರಿಗಿಳಿಸಿ ಕಲ್ಲು ಸರಿಸಿದೆ. ಯಜಮಾನ ಒಂದೆರಡು ಸಲ ಬಾಲ ಬೀಸಿ ಹೆದರಿಸಿದ, ಆಮೇಲೆ ಸುಮ್ಮನಾದ. ಸಂಜೆ ಲೈಟ್ ಹಾಕಿದಾಗ ಎರಡೂ ಹಳದಿ ಮೀನು ನಡುಮಧ್ಯದಲ್ಲಿದ್ದವು.

ಅಣ್ಣ ಅತ್ತಿಗೆಯ ಕೈ ಹಿಡಿದುಕೊಂಡು ಮುಕ್ಕಾಲು ಗಂಟೆ ನೋಡಿದ. ನನಗೂ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷವಾಯಿತು.

ಏಪ್ರಿಲ್ 2

ಅವನಿಗೇ ಮೊದಲು ಕಂಡಿದ್ದು. "ಸಣ್ಣಿ, ಯಜಮಾನನ ರೆಕ್ಕೆ ನೋಡು." ಬಿಳಿ ಚುಕ್ಕೆ. ಉಪ್ಪು ಉದುರಿಸಿದ ಹಾಗೆ. ಹಳದಿ ಮೀನೊಂದು ಕಲ್ಲಿಗೆ ಮೈ ಉಜ್ಜುತ್ತಿದೆ.

ಏಪ್ರಿಲ್ 3

ಕಿತ್ತಳೆ ಗಂಡು ಸತ್ತಿತು. ಅಣ್ಣ ಊಟ ಬೇಡ ಅಂದ. ಮಧ್ಯಾಹ್ನ ಕರೆದು, ಪೆನ್ನು ತಗೋ, ಅಂಗಡಿಯವರಿಗೆ ಒಂದು ಕಾಗದ ಬರೀಬೇಕು ಅಂದ. ಅವನು ಹೇಳಿದ್ದು, ನಾನು ಬರೆದದ್ದು:

"ನಲವತ್ತೆರಡು ದಿನ ಸಾಕು ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ನಿಮ್ಮ ಗಿರಾಕಿಗಳೂ ನನ್ನ ಮಾತು ಕೇಳಿ ಹಾಗೇ ಮಾಡುತ್ತಿದ್ದಾರೆ. ಅದು ತಪ್ಪು. ನನ್ನ ಕಣ್ಣೆದುರೇ ತಪ್ಪಾಯಿತು. ದಯವಿಟ್ಟು ಅವರಿಗೆಲ್ಲ ತಿಳಿಸಿ."

ಸಹಿ ಹಾಕಿದ. "ಹನ್ನೊಂದು ವರ್ಷ ಎಲ್ರಿಗೂ ತಪ್ಪು ಹೇಳ್ಕೊಟ್ಟಿದೀನಿ. ನಂಗೆ ಗೊತ್ತಿದ್ದಿದ್ದು ಇದೊಂದೇ ಕಣೇ. ಅದೂ ಗೊತ್ತಿರಲಿಲ್ಲ."

ಹೇಳದಿದ್ದರೆ ಇದನ್ನೇ ನಂಬಿಕೊಂಡು ಹೋಗುತ್ತಾನೆ. ಹೇಳಿದರೆ ಅವನ ಹದಿನೇಳು ದಿನ ಕಿತ್ತುಕೊಂಡಂತೆ. ತಿಂಗಳು ದಾಟಿದೆ ಅಂತ ಆವತ್ತು ಒರಗಿ ಕೂತಿದ್ದನಲ್ಲ… ಥೂ, ಏನು ಮಾಡಿಟ್ಟೆ ನಾನು.

ಏಪ್ರಿಲ್ 4, ಬೆಳಿಗ್ಗೆ 10

ಹೇಳಿದೆ.

ಕಾಗದ ಕೈಯಲ್ಲಿ ಹಿಡಿದುಕೊಂಡೇ ಹೋದೆ. ಕಾಲ ಬಳಿ ಕೂತೆ. ನಲವತ್ತೆರಡು ಆಗಿರಲಿಲ್ಲ ಅಣ್ಣ, ಇಪ್ಪತ್ತೈದಾಗಿತ್ತು, ಹಾಳೆ ಹರಿದದ್ದು ನಾನು ಅಂದೆ. ಒಂದೇ ಉಸಿರಿಗೆ. ಅತ್ತಿಗೆ ಬಾಗಿಲಲ್ಲಿದ್ದರು. "ನಂಗೂ ಗೊತ್ತಿತ್ತು" ಅಂದರು. ಪಾಪ, ಅರ್ಧ ತಪ್ಪು ತಲೆ ಮೇಲೆ ಹಾಕಿಕೊಳ್ಳಲು ಬಂದವರು.

ಗೋಡೆಯ ಕ್ಯಾಲೆಂಡರ್ ನೋಡಿದ. "ನನ್ನ ದಿನಕ್ಕೆ ಕೈ ಹಾಕಿದ್ಯಾ" ಅಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಮುಖ ಆ ಕಡೆ ತಿರುಗಿಸಿಕೊಂಡ.

ಸಂಜೆ 4

ಕರೆದ.

"ಇವತ್ತು ನಿಜವಾಗ್ಲೂ ತಾರೀಕು ಎಷ್ಟು?"

"ಏಪ್ರಿಲ್ ನಾಲ್ಕು."

ತುಟಿಯಲ್ಲೇ ಎಣಿಸಿದ. "ಹಾಗಾದ್ರೆ ತಿಂಗಳು ದಾಟಿದೆ." ಆಮೇಲೆ, "ನನ್ನ ನಲವತ್ತೆರಡರ ಲೆಕ್ಕಾನೂ ತಪ್ಪಿಲ್ಲ."

"ಇಲ್ಲ ಅಣ್ಣ. ತಪ್ಪು ನಂದು."

"ಗೊತ್ತು. ಆ ಕಾಗದ ಹರಿದು ಹಾಕು. ಹರಿಯೋದು ಚೆನ್ನಾಗಿ ಬರುತ್ತಲ್ಲ ನಿಂಗೆ."

ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಕ್ಯಾಲೆಂಡರನ್ನೂ ಗೋಡೆಯಿಂದ ತೆಗೆಸಿದ. ಇನ್ನು ದಿನಾ ಬೆಳಿಗ್ಗೆ ನಾನು ಬಾಯಲ್ಲಿ ಹೇಳಬೇಕಂತೆ.

ಆಮೇಲೆ ಕೆಲಸ ಹೇಳಿದ. ಉಳಿದ ನಾಲ್ಕನ್ನೂ ಬಚ್ಚಲುಮನೆಗೆ ಸಾಗಿಸು, ಅಲ್ಲಿ ತಾಮ್ರದ ಔಷಧಿ ಹಾಕು. ದೊಡ್ಡ ಟ್ಯಾಂಕಿಗೆ ಒಂದು ಹನಿಯೂ ಬೇಡ, ಹವಳ ಸಾಯುತ್ತೆ. ಮೀನಿಲ್ಲದೆ ಅದು ಹಾಗೇ ಇರಲಿ, ರೋಗದ ಹುಳಕ್ಕೆ ಕೂರಲು ಮೈ ಸಿಗದೆ ತಾನೇ ಸಾಯುತ್ತೆ.

"ಎಷ್ಟು ದಿನ?" ಅಂದೆ. ಗೊತ್ತಿದ್ದೂ ಕೇಳಿದೆ.

"ನಲವತ್ತೆರಡು. ಈ ಸಲ ಸರಿಯಾಗಿ ಎಣಿಸು."

ತೊಟ್ಟಿಯನ್ನು ಈ ಕೋಣೆಗೇ ತರುತ್ತೇನೆ, ನೋಡುತ್ತಿರಬಹುದು ಅಂದೆ. ಬೇಡ ಅಂದ. ಒಂದೇ ಕೋಣೆಯಲ್ಲಿ ಎರಡು ನೀರು ಇಟ್ಟರೆ ಹನಿ ಸಿಡಿದರೂ ಸಾಕು, ಹುಳ ಈ ಕಡೆ ಬರುತ್ತೆ.

ಏಪ್ರಿಲ್ 5. ದಿನ 1

ಎಲ್ಲವನ್ನೂ ಹಿಡಿದೆ. ಯಜಮಾನ ಬಲೆಗೆ ತಾನಾಗಿಯೇ ಬಂದ, ಓಡಾಡುವ ಶಕ್ತಿ ಇರಲಿಲ್ಲ. ಮಂಚದ ಎದುರಿಗೆ ಈಗ ಬರೀ ಕಲ್ಲು, ನೀರು.

ಏಪ್ರಿಲ್ 7. ದಿನ 3

ಯಜಮಾನ ಹೋದ. ಹೇಳಿದೆ. ಇನ್ನು ಏನನ್ನೂ ಮುಚ್ಚಿಡುವುದಿಲ್ಲ.

ಏಪ್ರಿಲ್ 12. ದಿನ 8

"ಇವತ್ತು ಹನ್ನೆರಡು, ಅಣ್ಣ." ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದ. ಹಳದಿಯಲ್ಲಿ ಒಂದು ಸತ್ತಿದೆ, ಇನ್ನೊಂದು ತಿನ್ನುತ್ತಿದೆ. ಖಾಲಿ ಟ್ಯಾಂಕನ್ನೇ ನೋಡುತ್ತಾನೆ. ಬೇಜಾರಾಗಲ್ವಾ ಅಂದೆ. ಕಲ್ಲಿನ ಸಂದಿಯಲ್ಲಿ ಸಾಸಿವೆಯಷ್ಟು ಏಡಿ ಇದೆಯಂತೆ. ಮೀನಿದ್ದಾಗ ಕಂಡಿರಲೇ ಇಲ್ಲ ಅಂದ. ನನಗೆ ಕನ್ನಡಕ ಹಾಕಿಕೊಂಡರೂ ಕಾಣಲಿಲ್ಲ.

ಏಪ್ರಿಲ್ 17. ದಿನ 13

ತಾರೀಕು ಹೇಳಿದೆ. ಕೇಳಿಸಿತೋ ಇಲ್ಲವೋ.

ಏಪ್ರಿಲ್ 27. ದಿನ 23

ಬರೆಯಲಾಗಿರಲಿಲ್ಲ. ಅಣ್ಣ ಹೋದದ್ದು ಹತ್ತೊಂಬತ್ತಕ್ಕೆ, ಬೆಳಿಗ್ಗೆ ಆರೂಮುಕ್ಕಾಲು. ತಾರೀಕು ಹೇಳುವ ಮೊದಲೇ. ಆದರೂ ಹೇಳಿದೆ.

ಜನ ಬಂದರು, ಹೋದರು. ನೀರು ಬದಲಾಯಿಸುವುದನ್ನು ಒಂದು ದಿನವೂ ತಪ್ಪಿಸಿಲ್ಲ.

ಮೇ 4. ದಿನ 30

ಹಳದಿ ಒಂದು, ಕಿತ್ತಳೆ ಹೆಣ್ಣು ಒಂದು. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಅತ್ತಿಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ನೋಡಿದರು.

"ಬಿಟ್ಬಿಡೋಣ ಕಣೇ. ಆ ಕೋಣೇಲಿ ಮಂಚಾನೂ ಖಾಲಿ, ನೀರೂ ಖಾಲಿ. ನನ್ ಕೈಲಿ ನೋಡಕ್ಕಾಗ್ತಿಲ್ಲ. ಇನ್ನು ಯಾರು ಕೇಳ್ತಾರೆ?"

ಆಗಲ್ಲ ಅಂದೆ. ಜೋರಾಗಿಯೇ ಅಂದುಬಿಟ್ಟೆ. ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ನೆಲಕ್ಕೆ ಕೂತೆ. ಆಮೇಲೆ ಅವರೇ ಕೇಳಿದರು, "ಇನ್ನು ಎಷ್ಟಿದೆ?"

ಹನ್ನೆರಡು ಅಂದೆ. ಬೆರಳು ಮಡಚಿ ಅವರೂ ಎಣಿಸಿದರು. ಸರಿಯಾಗಿದೆ. ನಾಳೆ ಮೂವತ್ತೊಂದು, ನಾಳಿದ್ದು ಮೂವತ್ತೆರಡು.