ಗೋಲು ಹಾಕದೆ ಹೋದವರು

ಸದಾನಂದಣ್ಣಾ,

ನೀವು ಹೋದ ಸುದ್ದಿ ಬಂದಾಗ ನಾನು ಸಾಲ್ಮಿಯಾದ ಸಿಗ್ನಲ್ಲಿನಲ್ಲಿದ್ದೆ. ಫೋನಿನಲ್ಲಿ ಅತ್ತಿಗೆಯ ದನಿ ಬಹಳ ಸಮಾಧಾನವಾಗಿತ್ತು. "ಇವರು ಏಳ್ಲೇ ಇಲ್ಲ," ಅಂದರು. "ಚಾ ತಣಿದು ಹೋಯ್ತು." ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ನಾನು ಕಾರು ಓಡಿಸಿದೆ. ಎಲ್ಲಿಗೆ ಹೋದೆ ಗೊತ್ತೇ? ನಿಮ್ಮ ಮನೆಗಲ್ಲ, ಐಸ್ ರಿಂಕಿಗೆ. ಶುಕ್ರವಾರವಲ್ಲವೇ, ಮ್ಯಾಚ್ ಇತ್ತು, ನೀವು ಅಲ್ಲಿ ಇರಬೇಕಿತ್ತು... ಆಗಷ್ಟೇ ನೀರು ಹಾಯಿಸಿ ಐಸನ್ನು ನುಣುಪು ಮಾಡಿದ್ದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ನೀವಿಲ್ಲ ಎಂಬುದು ನನಗೆ ನಾಟಿದ್ದು ಅದನ್ನು ಕಂಡಾಗ, ಅತ್ತಿಗೆಯ ಮಾತು ಕೇಳಿದಾಗಲ್ಲ.

ಮೊದಲ ದಿನ ನೀವು ಅಲ್ಲಿಗೆ ಬಂದದ್ದು ಮಂಗಳೂರಿನಿಂದ ತಂದಿದ್ದ ಹಳೆಯ ಹಾಕಿ ಸ್ಟಿಕ್ ಹಿಡಿದುಕೊಂಡು. ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವರು ನೀವು. ಕುವೈತಿನಲ್ಲೂ ಹಾಕಿ ಇದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದೇ ಸಾಕಾಗಿತ್ತು, ಪಕ್ಕದ ಮೇಜಿನ ನನ್ನನ್ನೂ ಎಳೆದುಕೊಂಡು ಹೊರಟಿರಿ. ಎಂಥ ಹಾಕಿ ಎಂದು ಇಬ್ಬರೂ ಕೇಳಿರಲಿಲ್ಲ. ಐಸ್ ಮೇಲೆ ಕಾಲಿಟ್ಟವರೇ ಅಂಗಾತ ಬಿದ್ದು, ಬಿದ್ದಲ್ಲಿಂದಲೇ ಅಂದಿರಿ: "ಇದೆಂತ ಮಾರಾಯ, ಇವರ ಗ್ರೌಂಡೇ ಜಾರ್ತದೆ!" ಅಂಚಿನಲ್ಲಿ ನಿಂತಿದ್ದ ಟಯರ್ ಅಂಗಡಿಯ ಹಮೀದ್, ನಮ್ಮೂರ ಕಡೆಯ ಬ್ಯಾರಿ, ಅದನ್ನು ಕೇಳಿ ನಕ್ಕ. "ಅಣ್ಣ, ಏಳುದು ಬೇಡ. ಹಾಗೇ ಗೋಲಿಗೆ ಅಡ್ಡ ಮಲಗಿ, ಒಂದೂ ಒಳಗೆ ಹೋಗುದಿಲ್ಲ." ನೀವು ಕೀಪರ್ ಆದದ್ದು ಹಾಗೆ. ಸ್ಕೇಟ್ಸ್ ಕಟ್ಟಲು ಹೆದರಿದ ನಾನು ಗಡಿಯಾರ ಮತ್ತು ಬಜರ್ ಮುಂದೆ ಕುಳಿತೆ. ಅಲ್ಲೇ ಉಳಿದೆ.

ಹೆಸರೇನೋ ದೊಡ್ಡದು, ದೇಶದ ಎರಡನೇ ದರ್ಜೆಯ ಐಸ್ ಹಾಕಿ ಲೀಗ್. ನಮ್ಮ ಪಾಲಿಗೆ ಇಡೀ ದೇಶ ಒಂದೇ ಛಾವಣಿಯ ಕೆಳಗಿತ್ತು. ಪರಸ್ಥಳದ ಪಂದ್ಯವೆಂದರೆ ಎದುರು ಬದಿಯ ಬೆಂಚಿಗೆ ಹೋಗಿ ಕೂರುವುದು. ಮೊದಲ ದರ್ಜೆಯಲ್ಲಿ ಚಿಕ್ಕಂದಿನಿಂದ ಕಲಿತ ಕುವೈತಿಗಳು, ಹಿಮದ ದೇಶಗಳಿಂದ ಬಂದ ಇಂಜಿನಿಯರುಗಳು. ಮಿಕ್ಕವರೆಲ್ಲ ನಮ್ಮವರು: ವಯಸ್ಸಾದವರು, ತಡವಾಗಿ ಕಲಿತವರು, ಕಲಿಯದೆಯೇ ಬಂದವರು. ಎಲ್ಲರೂ ಉಂಡು ಮಲಗುವ ಶುಕ್ರವಾರದ ಮಧ್ಯಾಹ್ನ, ಯಾರಿಗೂ ಬೇಡದ ಆ ಹೊತ್ತು ನಮಗೆ ಸಿಗುತ್ತಿತ್ತು. ಮೊದಲು ನಾಲ್ಕು ತಂಡಗಳಿದ್ದವು. ಕೊರೋನಾದಲ್ಲಿ ಐಸನ್ನು ಕರಗಲು ಬಿಟ್ಟರಲ್ಲ, ಆಮೇಲೆ ಉಳಿದದ್ದು ಎರಡೇ. ಈ ಲೀಗಿನ ಚರಿತ್ರೆ ಹೇಳು ಎಂದರೆ ಗೆದ್ದವರ ಹೆಸರು ನನಗೆ ನೆನಪಾಗುವುದಿಲ್ಲ. ಯಾರ ನಂತರ ಯಾರು ಹೋದರು ಎಂಬುದಷ್ಟೇ ನೆನಪಾಗುತ್ತದೆ. ವಾಸದ ಪರವಾನಗಿ, ಆ ಇಕಾಮಾ, ಮುಗಿದು ಹೋದವರು, ಕಂಪನಿ ಮುಚ್ಚಿ ಹೋದವರು, ಮಕ್ಕಳ ಕಾಲೇಜಿಗೆಂದು ಹೋದವರು.

ಹೋಗುವವರಿಗೆ ಗೋಲು ಕೊಡುವ ಪದ್ಧತಿ ಶುರು ಮಾಡಿದ್ದು ನೀವೇ ಅಲ್ಲವೇ? ಕೊನೆಯ ಮ್ಯಾಚಿನ ಕೊನೆಯ ನಿಮಿಷದಲ್ಲಿ ಎಲ್ಲರೂ ಬದಿಗೆ ಸರಿಯಬೇಕು. ಹೋಗುವವನು ಒಬ್ಬನೇ ಆ ಕರಿ ರಬ್ಬರ್ ಬಿಲ್ಲೆಯನ್ನು ತಳ್ಳಿಕೊಂಡು ನಿಮ್ಮೆದುರು ಬರಬೇಕು. ನೀವು ಜೀವ ಬಿಟ್ಟು ಹಾರಬೇಕು, ಅರೆ ಉಸಿರಿನಷ್ಟು ತಡವಾಗಿ. ಬಿಲ್ಲೆ ಒಳಗೆ, ನನ್ನ ಬಜರ್, ಕೆಂಪು ದೀಪ. ನೀವು ಸ್ಟಿಕ್ಕಿನಿಂದ ಐಸ್ ಗುದ್ದಿ "ಥತ್, ಈ ಕಾಲೊಂದು!" ಎಂದು ಬೈದುಕೊಳ್ಳುತ್ತಿದ್ದಿರಿ. ಹೋಗುವವನು ಅಳುತ್ತಿದ್ದ. ನೀವು ನಗುತ್ತಿದ್ದಿರಿ.

ಲೆಬನಾನಿನ ಬೇಕರಿಯವನೊಬ್ಬ ಮಾತ್ರ, ನೀವು ಗೋಲು ಪೂರ್ತಿ ತೆರೆದಿಟ್ಟರೂ ಹೊರಗೆ ಹೊಡೆದ. ಇನ್ನೊಮ್ಮೆ ಕೊಟ್ಟಿರಿ, ಮತ್ತೆ ಹೊರಗೆ. ಹಾಗೆಯೇ ವಿಮಾನ ಹತ್ತಿದ. ಚಳಿ ಶುರುವಾಗುವ ಮೊದಲೇ ವೀಸಾ ಕೊಡುವ ಹೊಸ ಕಫೀಲ್ ಸಿಕ್ಕಿ ಇಲ್ಲಿಗೇ ವಾಪಸಾದ. ಅಂದಿನಿಂದ ನೀವು ಅದನ್ನೊಂದು ಕಾನೂನು ಮಾಡಿದಿರಿ. "ನೋಡು ಮಾರಾಯ, ಗೋಲು ಹಾಕದೆ ಹೋದವನದ್ದು ಖಲಾಸ್ ಆಗುದಿಲ್ಲ. ಅವ ವಾಪಸ್ ಬರ್ಲೇಬೇಕು." ತಮಾಷೆ ಎಂದುಕೊಂಡಿದ್ದೆ.

ಮರುವಾರ, ನೀವಿಲ್ಲದ ಮೊದಲ ಮ್ಯಾಚಿಗೆ ಹಮೀದ್ ಕ್ಯಾಂಟೀನಿನ ಮೇಜೊಂದನ್ನು ಮಗುಚಿ ನಿಮ್ಮ ಗೋಲಿಗೆ ಅಡ್ಡ ಇಟ್ಟ. ಶುರು ಮಾಡಿ ಎಂದು ಎದುರು ತಂಡದ ಕೀಪರ್ ಫಹದ್ "ಯಲ್ಲಾ" ಅಂದ. ಯಾರೂ ಅಲುಗಲಿಲ್ಲ. ಇಬ್ಬರು ಕೀಪರ್ ಇಲ್ಲದಿದ್ದರೆ ಈ ಹೊತ್ತಿನಲ್ಲಿ ರಿಂಕ್ ಮುಚ್ಚಿಬಿಡುತ್ತೇವೆ ಎಂದು ರಿಂಕಿನವರು ಹೇಳಿ ಹೋದರು. ಒಂದು ಲೀಗ್ ಮುಗಿಯುವುದು ಇಷ್ಟು ಸುಲಭವೇ? ಮೇಜಿನ ಕಾಲುಗಳನ್ನು ನೋಡುತ್ತ ಕುಳಿತಿದ್ದೆ. ಮುಂದಿನ ವಾರ ನಿಮ್ಮ ಪ್ಯಾಡುಗಳ ಚೀಲ ಬಾಗಿಲಿನಿಂದ ಒಳಗೆ ಬಂತು. ಹಿಂದೆ ನಿಮ್ಮ ದಿಶಾ. "ಅಂಕಲ್, ಐ ಸ್ಕೇಟ್ ಬೆಟರ್ ದ್ಯಾನ್ ಅಪ್ಪ."

"ಅದೆಂತ ದೊಡ್ಡದು? ನಿನ್ನಪ್ಪನಿಂದ ಚೆಂದ ಈ ಮೇಜು ಸಹ ಸ್ಕೇಟ್ ಮಾಡ್ತದೆ," ಅಂದ ಹಮೀದ್.

ಅವಳು ಹಾಕಿಕೊಂಡಿದ್ದ ನಿಮ್ಮ ಹೆಲ್ಮೆಟ್ಟಿನೊಳಗಿಂದ ನಗು ಕೇಳಿ ನಾನು ಬೆಚ್ಚಿಬಿದ್ದೆ. ಗಡಿಯಾರ ಶುರು ಮಾಡುವುದೇ ಮರೆತುಹೋಯಿತು.

ಕಳೆದ ಶುಕ್ರವಾರದ ಸರದಿ ನನ್ನದು. ಹೌದು, ನಮ್ಮ ಆಫೀಸು ಮುಚ್ಚುತ್ತಿದೆ, ಗುರುವಾರ ನನ್ನ ವಿಮಾನ. ಎಂದೂ ಆಡದ ನನ್ನ ಕೈಗೆ ಅವರು ಸ್ಟಿಕ್ ಕೊಟ್ಟರು. ಆಫೀಸಿನ ಶೂನಲ್ಲೇ ಐಸಿಗೆ ಇಳಿದೆ. ಎಲ್ಲರಿಗಾಗಿ ಒತ್ತಿದ ಆ ಬಜರ್ ಒಮ್ಮೆ ನನಗಾಗಿ ಕೂಗಬೇಕೆಂಬ ಆಸೆ ನನಗಿತ್ತು, ಸದಾನಂದಣ್ಣ. ನಿಮಗೂ ಹೇಳಿರಲಿಲ್ಲ. ಹೋದೆ ಎನ್ನುವುದಕ್ಕೆ ಏನಾದರೊಂದು ಸದ್ದು ಬೇಡವೇ? ಹೆಜ್ಜೆ ಹೆಜ್ಜೆಗೂ ಜಾರುತ್ತ, ಹತ್ತಿರ ಹೋಗಿ, ಬಿಲ್ಲೆಯನ್ನು ತಳ್ಳಿದೆ. ನನ್ನ ಜಾಗದಲ್ಲಿ ಕೂತಿದ್ದ ಹಮೀದ್ ಅದು ಮುಟ್ಟುವುದಕ್ಕೂ ಕಾಯದೆ ಬಜರ್ ಒತ್ತಿದ. ಆ ಬೇಕರಿಯವನೊಬ್ಬನನ್ನು ಬಿಟ್ಟರೆ ಕಾಯಬೇಕಾದ ಪ್ರಸಂಗ ನಮ್ಮಲ್ಲಿ ಎಂದು ಬಂದಿತ್ತು? ಕೆಂಪು ದೀಪ ಹತ್ತಿತು, ಬೋರ್ಡಿನಲ್ಲಿ ಅಂಕೆ ಬದಲಾಯಿತು, ಎಲ್ಲರೂ ಕೂಗಿ ನನ್ನನ್ನು ಅಪ್ಪಿಕೊಂಡರು. ಅಪ್ಪಿಕೊಂಡವರು ಒಬ್ಬೊಬ್ಬರಾಗಿ ಕೈ ಸಡಿಲಿಸಿದರು.

ಬಿಲ್ಲೆ ದಿಶಾಳ ಪ್ಯಾಡಿನ ಕೆಳಗಿತ್ತು.

"ನಿಂಗೆ ಯಾರೂ ಹೇಳ್ಲಿಲ್ವಾ ಮಗಾ?" ಹಮೀದ್ ಬಜರ್ ಬಿಟ್ಟು ಎದ್ದು ನಿಂತ. "ಇದು ತಡೀಲಿಕ್ಕೆ ಇರುದಲ್ಲ."

ಅವಳು ಹೆಲ್ಮೆಟ್ ಮೇಲಕ್ಕೆತ್ತಿದಳು. "ಐ ನೋ, ಅಂಕಲ್. ಈ ಗೋಲ್ ಕೊಟ್ಟ ದಿನ ಅಪ್ಪ ವುಡಂಟ್ ಈಟ್. ಎವ್ರಿ ಟೈಮ್. ಅಮ್ಮನ ಹತ್ರ ಕೇಳಿ. ಜಸ್ಟ್ ಪ್ಲೇಟ್ ಎದುರು ಕೂತ್ಕೊಳ್ತಿದ್ರು. 'ಇನ್ನೊಬ್ಬನನ್ನು ಕಳಿಸಿ ಬಂದೆ' ಹೇಳ್ತಿದ್ರು." ಆಮೇಲೆ ನನ್ನ ಕಡೆ ತಿರುಗಿ, ನಮ್ಮೊಡನೆ ಎಂದೂ ಇಂಗ್ಲಿಷ್ ಬೆರೆಸದೆ ಮಾತಾಡದ ಹುಡುಗಿ, "ನಾನು ಯಾರನ್ನೂ ಕಳಿಸುದಿಲ್ಲ," ಅಂದಳು.

ಊಟ ಮಾಡುತ್ತಿರಲಿಲ್ಲವೇ? ನೀವು ನಗುತ್ತಿದ್ದಿರಲ್ಲ. ಕಾರಿನಲ್ಲಿ ನನ್ನನ್ನು ಮನೆಯವರೆಗೆ ಬಿಟ್ಟು, ನಾಳೆ ಸಿಗುವ ಎಂದು ಕೈ ಬೀಸಿ, ಆಮೇಲೆ ಹೋಗಿ ತಟ್ಟೆಯ ಎದುರು... ಅಷ್ಟು ವರ್ಷ ಪಕ್ಕದ ಮೇಜಿನಲ್ಲಿ ಕೂತವನು ನಾನು. ನಾನು ನೋಡಿದ್ದಾದರೂ ಏನನ್ನು? ನೀವು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಅಲ್ಲಾಡಿಸಿತು ಎಂದರೆ ಅತ್ತಿಗೆಗೆ ಬೇಸರವಾದೀತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕೆಂಪು ದೀಪ ಉರಿಯುತ್ತಲೇ ಇತ್ತು. ಅದನ್ನು ಆರಿಸುವುದು ಹಮೀದನಿಗೆ ಗೊತ್ತಿರಲಿಲ್ಲ. ನಾನೇ ಜಾರುತ್ತ ಹೋಗಿ ಆರಿಸಿದೆ. ಬೋರ್ಡಿನ ಮೇಲೆ ನನ್ನ ಹೆಸರಿಗೆ ಬಂದಿದ್ದ ಗೋಲನ್ನೂ ಕಳೆದೆ. ಇನ್ನೊಮ್ಮೆ ಹೊಡಿ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ಶುಕ್ರವಾರ ಮ್ಯಾಚ್ ಇದೆ. ಗೋಲಿನಲ್ಲಿ ದಿಶಾ ಇರುತ್ತಾಳೆ, ಬಜರಿಗೆ ಹಮೀದ್. ಮುಟ್ಟುವವರೆಗೆ ಕಾಯಲು ಕಲಿಯುತ್ತಿದ್ದಾನಂತೆ.

ಗುರುವಾರ ನಾನು ಹೋಗುತ್ತೇನೆ, ಗೋಲು ಹಾಕದೆ. ನಿಮ್ಮ ಕಾನೂನಿನಂತೆ ನಾನು ವಾಪಸ್ ಬರಲೇಬೇಕು. ಬರುತ್ತೇನೆ. ಆದರೆ ಸೂಟ್‌ಕೇಸಿನ ಮುಂದೆ ಕೂತಾಗ ಇನ್ನೊಂದು ಹೊಳೆದು ಕೈ ನಿಂತುಹೋಯಿತು, ಸದಾನಂದಣ್ಣ. ಎಲ್ಲರಿಗೂ ಗೋಲು ಕೊಟ್ಟ ನೀವು ಆ ಬೆಳಿಗ್ಗೆ ಹೋದದ್ದು ಹೇಗೆ?

ನೀವೂ ಹಾಕಿರಲಿಲ್ಲ.