ಹ್ಯಾಶ್ ಗುರುತಿನ ಆಚೆ ನೀನು ಬರೆದದ್ದು

ಮುನಿಸಿಕೊಂಡು ಹೋದ ನನ್ನ ಪುಟ್ಟಿಗೆ,

ಬೈಯಬೇಕೆನಿಸಿದರೆ ಪೂರ್ತಿ ಓದಿ ಆಮೇಲೆ ಬೈ. ಹನ್ನೊಂದು ತಿಂಗಳ ಹಿಂದೆ ನೀನು ಕೇಳಿದ ಪ್ರಶ್ನೆ ನನಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ.

ಗ್ರಂಥಾಲಯದಲ್ಲಿ ನಾವಿಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂರುತ್ತಿದ್ದ ದಿನಗಳು ನೆನಪಿವೆಯಲ್ಲ? ವೆಬ್‌ಸೈಟ್ ನನ್ನದು, ಪುಸ್ತಕಗಳ ಪಟ್ಟಿ ಟೈಪ್ ಮಾಡುವುದು ನಿನ್ನದು. ಯಾರು ಯಾವ ಪುಟ ತೆರೆದರೆಂದು ಸರ್ವರ್ ಬರೆದಿಡುವ ದಾಖಲೆಯನ್ನು ನಮ್ಮ ಮೇಲ್ವಿಚಾರಕರು ಪ್ರತಿ ಸೋಮವಾರ ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. ಪುಟದ ವಿಳಾಸದಲ್ಲಿ ಹ್ಯಾಶ್ (#) ಗುರುತಿನ ನಂತರ ಏನೇ ಬರೆದರೂ ಅದು ಸರ್ವರ್‌ಗೆ ಹೋಗುವುದೇ ಇಲ್ಲ, ಬ್ರೌಸರ್ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ ಎಂದು ನಾನೇ ಹೇಳಿಕೊಟ್ಟೆ. ಅಷ್ಟು ಸಾಕಾಯಿತು ನಿನಗೆ. "ಈ ಪುಟ ನೋಡು" ಎಂಬ ಮಾತಿನೊಳಗೆ ಲಿಂಕ್ ಇಟ್ಟು ನೀನು ನನಗೆ ಮೇಲ್ ಕಳಿಸುತ್ತಿದ್ದೆ. ಒತ್ತಿದರೆ ಮೇಲೆ ವಿಳಾಸದ ತುದಿಯಲ್ಲಿ "ಸಾಹೇಬ್ರು-ಗೊರಕೆ-ಹೊಡೀತಿದಾರೆ" ಎಂದಿರುತ್ತಿತ್ತು. ನಗು ಮುಚ್ಚಲು ನಾನು ಕೆಮ್ಮುತ್ತಿದ್ದೆ.

ಆಮೇಲೆ ಬೇರೆ ಊರಿನ ಕೆಲಸ ನಿನ್ನನ್ನು ಹುಡುಕಿಕೊಂಡು ಬಂತು. ನಿನ್ನನ್ನು ಒಂದು ಮಾತೂ ಕೇಳದೆ ನಾನು ಮೇಲ್ವಿಚಾರಕರಿಗೆ "ಅವಳು ಹೋಗಲ್ಲ ಸಾರ್" ಎಂದುಬಿಟ್ಟೆ. "ನಾನು ಬಾಯಿ ಬಿಡೋಕೆ ಮುಂಚೆ ನೀನೇ ಉತ್ತರ ಕೊಡ್ತೀಯಲ್ಲ ಅಕ್ಕ" ಎಂದು ನೀನು ಅತ್ತೆ. ಮರುವಾರವೇ ಹೊರಟೆ. ನಿನ್ನ ಕುರ್ಚಿಯ ಮೇಲೆ ಈಗ ಹಳೆಯ ಪತ್ರಿಕೆಗಳ ಕಟ್ಟು ಕೂತಿದೆ. ಅದಕ್ಕೂ ಒಮ್ಮೊಮ್ಮೆ "ಕಾಫಿ ಬೇಕೇನೇ" ಎಂದು ಕೇಳಿಬಿಡುತ್ತೇನೆ.

ನೀನು ಹೋದ ಮೇಲೆ ನಮ್ಮ ಸೈಟ್ ಹೊಸ ವಿಳಾಸಕ್ಕೆ ಬದಲಾಯಿತು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ದಾಟಿಸುವ ರೀಡೈರೆಕ್ಟ್ ಬರೆದವಳು ನಾನೇ. ಸುಮ್ಮನಿದ್ದಿದ್ದರೆ ಹ್ಯಾಶ್ ನಂತರದ ಮಾತನ್ನು ಬ್ರೌಸರ್ ಹೊಸ ವಿಳಾಸಕ್ಕೂ ಜೋಪಾನವಾಗಿ ಹೊತ್ತು ತರುತ್ತಿತ್ತು. ಅತಿ ಬುದ್ಧಿವಂತೆ ನಾನು, ಎಲ್ಲರೂ ಪುಸ್ತಕಗಳ ಪಟ್ಟಿಯಿಂದಲೇ ಓದಲಿ ಎಂದು ರೀಡೈರೆಕ್ಟ್ ತುದಿಗೆ ನನ್ನದೇ "#ಪಟ್ಟಿ" ಅಂಟಿಸಿದೆ. ರೀಡೈರೆಕ್ಟ್‌ಗೇ ತನ್ನದೊಂದು ಮಾತಿದ್ದರೆ, ಬಂದವರ ಮಾತನ್ನು ಬ್ರೌಸರ್ ಕೈಬಿಡುತ್ತದೆ. ಅದು ನನಗೆ ಗೊತ್ತಿತ್ತು, ಹೊಳೆಯಲಿಲ್ಲ.

ಆಗಲೇ ಹಳೆಯ ವಿಳಾಸದ ಲಿಂಕ್ ಹೊತ್ತ ನಿನ್ನ ಮೇಲ್ ಬಂದದ್ದು. ಅದೇ "ಈ ಪುಟ ನೋಡು". ಆಸೆಯಿಂದ ಒತ್ತಿದೆ. ತುದಿಯಲ್ಲಿ ಬರೀ "#ಪಟ್ಟಿ". ಇಷ್ಟು ದಿನದ ಮೇಲೆ ಒಂದು ಮಾತೂ ಇಲ್ಲವೇ ಎಂದು ನಾನೂ ಬಿಗಿದುಕೊಂಡು ಕೂತೆ. ಇವತ್ತು ಹಳೆಯ ಲಿಂಕ್‌ಗಳನ್ನು ಪರೀಕ್ಷಿಸಲು ಮೇಲ್‌ಗಳಿಂದ ಒಂದೊಂದನ್ನೇ ಒತ್ತದೆ ನಕಲು ಮಾಡಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ. ನಿನ್ನದರ ಕೊನೆಯಲ್ಲಿತ್ತು: "#ಅಕ್ಕಾ-ಮನೆಗೆ-ಬರಲಾ".

ಪುಟ್ಟಿ, ಹನ್ನೊಂದು ತಿಂಗಳು ನೀನು ಬಾಗಿಲಲ್ಲಿ ನಿಂತಿದ್ದೆ, ನಾನು ಒಳಗೆ ಕೂತು ನೀನು ಬರಲಿಲ್ಲವೆಂದು ಕೊರಗುತ್ತಿದ್ದೆ. ಈಗಲೂ ನಿನಗೆ ಮನಸ್ಸಿದೆಯೋ, ಕಲ್ಲಾಯಿತೋ, ನಾನು ಊಹಿಸುವುದಿಲ್ಲ. ಅದನ್ನು ಹೇಳಬೇಕಾದವಳು ನೀನು. ನೀನು ಕೇಳಿದ್ದಕ್ಕೆ ಮಾತ್ರ ನನ್ನ ಉತ್ತರ:

ಬಾ.

ಎಲ್ಲಿದ್ದರೂ ತಣ್ಣಗಿರು ಕಂದಾ.
ನಿನ್ನ ಅಕ್ಕ