ತಟ್ಟೆಯಂಚಿನ ಮಾತ್ರೆ

ಮಾರ್ಚ್ 3, ಬೆಳಿಗ್ಗೆ 11
ಮೊಣಕಾಲು ಮತ್ತೆ ತಕರಾರು. ಔಷಧಿ ಅಂಗಡಿಯಾಕೆ ಸ್ಟ್ರಿಪ್ ಕತ್ತರಿಸಿ ಹತ್ತು ನೋವಿನ ಮಾತ್ರೆ ಕೊಟ್ಟಳು. ಎಚ್ಚರಿಕೆಯ ಚೀಟಿ ಇಲ್ಲ!
“ಚೀಟಿ ಎಲ್ಲಮ್ಮಾ?”
“ಡಬ್ಬಕ್ಕೆ ಒಂದೇ ಅಂಕಲ್. ನಿಮಗೇ ಕೊಟ್ಬಿಟ್ರೆ ಮಿಕ್ಕವರಿಗೆ?”
ರೇಗಿದೆ. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಆ ಚೀಟಿಗಳ ಕರಡು ತಿದ್ದಿದವನು ನಾನು. 1987ರಲ್ಲಿ ‘ಊಟದ ನಂತರವೇ’ ಎಂಬ ಸಾಲು ಬಿಟ್ಟುಹೋಗಿತ್ತು. ಓಡುತ್ತಿದ್ದ ಯಂತ್ರ ನಿಲ್ಲಿಸಿದ್ದೆ.
“ಸರಿ, ಊಟ ಆಯ್ತಾ?” ಎಂದಳು.
“ಆಯ್ತು.”
ಆಗಿರಲಿಲ್ಲ.

ಮಾರ್ಚ್ 8
ಪತ್ರಿಕೆಗೆ ಪತ್ರ: ಚೀಟಿ ಕೊಡದ ಅಂಗಡಿಗಳ ಬಗ್ಗೆ. ಎರಡು ಪುಟ. ಓದಿ ಹೇಳಲು ಅಕ್ಕ ಇಲ್ಲ. ಅವಳಿದ್ದಾಗ ನನ್ನ ಮಾತ್ರೆ ತಟ್ಟೆಯಂಚಿನ ಕೆಳಗೆ ಇಡುತ್ತಿದ್ದಳು. ಕೊನೆಯ ತುತ್ತು ಇಳಿದ ಮೇಲೆ ಕೈಗೆ ಬರುತ್ತಿತ್ತು.
ಈಗ ತಟ್ಟೆಯೇ ಇಡುವುದಿಲ್ಲ. ಒಬ್ಬನಿಗೆ ಎಂಥ ಅಡುಗೆ...

ಮಾರ್ಚ್ 14
ಹನ್ನೊಂದು ದಿನವಾಯಿತು. ಹತ್ತು ದಿನ ಮೀರಬಾರದೆಂದು ನಾನು ತಿದ್ದಿದ ಚೀಟಿಯಲ್ಲಿತ್ತು. ಔಷಧಿ ಅಂಗಡಿಯಾಕೆ ದಿನ ಎಣಿಸುತ್ತಾಳೆ — ತಿರುವಿನಾಚೆಯ ಅಂಗಡಿಗೆ ಹೋದೆ. ಅದೇ ಮಾತ್ರೆಯ ಜೊತೆಗೆ ಬೆನ್ನುನೋವಿಗೆಂದು ಗುಲಾಬಿ ಬಣ್ಣದ್ದೂ ತಂದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಊಟ ಆಯ್ತಾ ಅಂತಲೂ.
ಪತ್ರ ಅಚ್ಚಾಗಿಲ್ಲ.

ಮಾರ್ಚ್ 22, ಬೆಳಿಗ್ಗೆ 9
ಮಲ ಕಪ್ಪಗಿದೆ, ಡಾಂಬರಿನ ಹಾಗೆ. ಎದ್ದರೆ ತಲೆ ಸುತ್ತು.
ಚೀಟಿಯ ಹದಿನಾಲ್ಕನೇ ಸಾಲು: ಕಪ್ಪು ಮಲ ಕಂಡರೆ ಮಾತ್ರೆ ನಿಲ್ಲಿಸಿ, ತಕ್ಷಣ ವೈದ್ಯರನ್ನು ಕಾಣಿ. ಆ ‘ತಕ್ಷಣ’ವನ್ನು ದಪ್ಪಕ್ಷರದಲ್ಲಿ ಹಾಕಿಸಿದವನೂ ನಾನೇ.
ಫೋನ್ ತೆಗೆದೆ. ಯಾರಿಗೆ? ಮೊದಲು ತಂದ ಸ್ಟ್ರಿಪ್ಪಿನ ಪೊಟ್ಟಣದ ಮೇಲೆ ಅಂಗಡಿಯಾಕೆಯ ನಂಬರು—

ಮಾರ್ಚ್ 25, ಆಸ್ಪತ್ರೆ
ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ. ಎರಡು ಬಾಟಲಿ ರಕ್ತ ಕೊಟ್ಟರಂತೆ.
ಫೋನ್ ಮಾಡಿದೊಡನೆ ಆಕೆ ಅಂಗಡಿ ಮುಚ್ಚಿ ಮನೆಗೇ ಬಂದಿದ್ದಳು. ಆಸ್ಪತ್ರೆಯ ದಾರಿಯುದ್ದಕ್ಕೂ ಬೈಗುಳ. “ಎರಡೂ ಒಂದೇ ಔಷಧಿ ಅಂಕಲ್, ಬಣ್ಣ ಬೇರೆ ಅಷ್ಟೆ! ಒಟ್ಟಿಗೆ ನುಂಗ್ತಾರಾ? ಊಟ ಆಯ್ತು ಅಂದ್ರಲ್ಲ ಅವತ್ತು?”
“ಸುಳ್ಳು ಹೇಳಿದೆ ತಾಯಿ.”
ಆಮೇಲೆ ಬೈಯಲಿಲ್ಲ. ಅದೇ ಕಷ್ಟವಾಯಿತು.
ಫಾರಂನಲ್ಲಿ ‘ರೋಗಿಗೆ ಸಂಬಂಧ’ ಎಂಬಲ್ಲಿ ‘ಅಂಗಡಿ’ ಎಂದು ಬರೆದಿದ್ದಾಳೆ. ಪೆನ್ನು ನನ್ನ ಕೈಯಲ್ಲಿತ್ತು. ತಿದ್ದಲಿಲ್ಲ.

ಮಾರ್ಚ್ 30, ಮಧ್ಯಾಹ್ನ 1
ಮನೆ. ಅಕ್ಕನ ಕಪಾಟಿನಿಂದ ತಟ್ಟೆ ತೆಗೆದು ತೊಳೆದೆ. ಅನ್ನ ಮುದ್ದೆಯಾಗಿದೆ, ಇರಲಿ. ಮೊಣಕಾಲು ನೋಯುತ್ತಿದೆ, ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಅಂಚಿನ ಕೆಳಗಿಟ್ಟಿದ್ದೇನೆ.
ಊಟ ಆಯ್ತಾ ಎಂದು ಇವತ್ತು ಯಾರೂ ಕೇಳಿಲ್ಲ. ಕೇಳಿದರೆ ನಿಜ ಹೇಳಬೇಕಲ್ಲ, ಮೊದಲು ಒಂದು ತುತ್ತು...